ಎಬ್ಬಿಸುವ ಅಪ್ಪಣೆ

ನಮ್ಮೂರಿಗೆ ಬರುವ ಬಸ್ಸು ಕೆರೆ ಏರಿ ದಾಟುತ್ತಿದ್ದಂತೆ ಕಂಡಕ್ಟರು ಹಿಂದಿನ ಸೀಟಿನವರೆಗೂ ಹೋಗಿ ಒಬ್ಬೊಬ್ಬರ ಮುಖ ನೋಡಿಕೊಂಡು ಬರುತ್ತಾನೆ. "ಹೊರಗಿನೋರು ಕಣ್ಣು ಬಿಟ್ಕೊಂಡಿರಿ, ಆಮೇಲೆ ನನ್ನ ಮೇಲೆ ಹೇಳ್ಬೇಡಿ" ಎನ್ನುತ್ತಾನೆ. ಹೇಳಿದರೂ ಕೇಳದವರು ಇದ್ದೇ ಇರುತ್ತಾರೆ. ಒಬ್ಬ ಬಳೆ ವ್ಯಾಪಾರಿ ನಡು ಮಧ್ಯಾಹ್ನ ಐದೇ ಐದು ನಿಮಿಷ ಎಂದು ಬಸ್ ನಿಲ್ದಾಣದ ಬೆಂಚಿನ ಮೇಲೆ ಒರಗಿದವನು, ಮಾರನೆಯ ಬೆಳಿಗ್ಗೆ ಎದ್ದು ಕೂತು, ತನ್ನ ಎರಡು ಗಂಟೆ ಬಸ್ಸು ಬಂತೇ ಎಂದು ವಿಚಾರಿಸಿದ.

ನಮ್ಮೂರಿನ ನಿದ್ದೆಯೇ ಹಾಗೆ. ರಾತ್ರಿಯದಕ್ಕೆ ತಕರಾರಿಲ್ಲ, ಸೂರ್ಯ ಹುಟ್ಟಿದನೆಂದರೆ ಎಲ್ಲರೂ ತಾವಾಗಿ ಏಳುತ್ತಾರೆ. ಹಗಲು ಮಲಗಿದವರ ಕಥೆ ಬೇರೆ. ಅವರು ಯಾರಿಗೆ ಅಪ್ಪಣೆ ಕೊಟ್ಟಿದ್ದಾರೋ ಅವರು ಮುಟ್ಟಿದರೆ ಮಾತ್ರ ಎಚ್ಚರ. ಇಲ್ಲದಿದ್ದರೆ ಮಾರನೆಯ ಸೂರ್ಯೋದಯದವರೆಗೂ ಗೊರಕೆ. ಅಪ್ಪಣೆಯಿಲ್ಲದವರು ಮುಟ್ಟಿದರಂತೂ ಮುಟ್ಟಿದ್ದಕ್ಕೆ ಒಂದರಂತೆ ದಿನ ಹೆಚ್ಚುತ್ತದೆ. ಅದಕ್ಕೇ ನಮ್ಮಲ್ಲಿ ಮದುವೆ ಮಾತುಕತೆಯಲ್ಲಿ ಹುಡುಗನ ಕೆಲಸ ಕೇಳುವ ಮೊದಲು, ಮಧ್ಯಾಹ್ನ ಅವನನ್ನು ಯಾರು ಎಬ್ಬಿಸುತ್ತಾರೆ ಎಂದು ಕೇಳುತ್ತಾರೆ. ತಾಯಿ ಎಂದರೆ ಹುಡುಗಿಯ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ನಮ್ಮ ಪಂಚಾಯ್ತಿ ಅಧ್ಯಕ್ಷರು ಹಾಲಪ್ಪನವರು ಹೆಂಡತಿಯೊಡನೆ ಜಗಳ ಕಾಯುವುದು ಸಂಜೆ ಐದರ ಮೇಲೆ ಮಾತ್ರ. ಬೆಳಿಗ್ಗೆಯೇ ಕಾದರೆ ಮಧ್ಯಾಹ್ನದ ಮೀಟಿಂಗಿಗೆ ಅವರನ್ನು ಎಬ್ಬಿಸುವವರು ಯಾರು?

ಇದನ್ನೆಲ್ಲ ಬರೆದಿಡಲು ಒಂದು ಕಚೇರಿ ಇದೆ. ಒಂದೇ ಕೋಣೆ, ಒಂದು ಬೆಂಚು, ಒಬ್ಬ ಗುಮಾಸ್ತರು. ಮಲಗುವವರ ಹೆಸರು, ಎಬ್ಬಿಸುವವರ ಹೆಸರು, ಷರಾ, ಹೀಗೆ ಮೂರು ಕಾಲಮ್ಮಿನ ದೊಡ್ಡ ಪುಸ್ತಕ ಅಲ್ಲಿರುತ್ತಿತ್ತು. ಮಲಗುವವರು ತಾವೇ ಹೋಗಿ ಹೇಳಿ ಬರೆಸಬೇಕು. ಬರೆಸುವ ಮುಂಚೆ ಎಬ್ಬಿಸುವವರ ಕೈಗೆ ಎಲೆ ಅಡಿಕೆ ಕೊಟ್ಟು "ನನ್ನನ್ನು ಎಬ್ಬಿಸ್ತೀರಾ?" ಎಂದು ಕೇಳುವುದು ಪದ್ಧತಿ. ಬರೆದ ಗಳಿಗೆಯಿಂದ ಅಪ್ಪಣೆ ಜಾರಿ, ಮತ್ತೆ ಬದಲಾಯಿಸಿ ಬರೆಸುವವರೆಗೂ ಅದೇ ಖಾಯಂ.

ಆ ಕಚೇರಿಯ ಎದುರು ಮನೆಯೇ ನನ್ನ ಊಟದ ಮನೆ. ನನ್ನ ಹೆಸರು ತಾಯಮ್ಮ. ಊರಿನವರು ಮುಂದೆ ತಾಯಕ್ಕ ಎನ್ನುತ್ತಾರೆ, ಹಿಂದೆ ಬಾಯಿಬಡುಕಿ ಎನ್ನುತ್ತಾರೆ. ಎರಡೂ ನನ್ನ ಕಿವಿಗೆ ಬೀಳುತ್ತವೆ. ನನ್ನ ಯಜಮಾನರು ಕೆಂಪಯ್ಯ ತೀರಿಕೊಂಡು ಒಂಬತ್ತು ವರ್ಷ. ನನ್ನನ್ನು ಎಬ್ಬಿಸುವ ಅಪ್ಪಣೆ ಅವರದಾಗಿತ್ತು. ಅವರು ಹೋದ ಮೂರನೇ ತಿಂಗಳಲ್ಲಿ ನನ್ನ ತಂಗಿ ಬಂದವಳು ಅವರ ಕುರ್ಚಿಯಲ್ಲಿ ಕಾಲು ಚಾಚಿ ಕೂತು, "ಮಲಕ್ಕೊ ಅಕ್ಕ, ನಾನಿದೀನಲ್ಲ, ನಾನೇ ಎಬ್ಬಿಸ್ತೀನಿ" ಎಂದಳು. ಬಳಲಿದ್ದೆ, ನಂಬಿ ಮಲಗಿದೆ. ಎದ್ದದ್ದು ಒಂದು ದಿನ ತಪ್ಪಿ ಎರಡನೆಯ ಬೆಳಿಗ್ಗೆ, ಸಾರು ಹಳಸಿ, ಬೆಕ್ಕು ಮೊಸರು ಕುಡಿದು ಮುಗಿಸಿದ ಮೇಲೆ. ಪುಸ್ತಕದಲ್ಲಿದ್ದದ್ದು ಕೆಂಪಯ್ಯನವರ ಹೆಸರು, ತಂಗಿ ಕೂತದ್ದು ಅವರ ಕುರ್ಚಿಯಲ್ಲಿ ಮಾತ್ರ. ಅಂದಿನಿಂದ ನಾನು ಮಧ್ಯಾಹ್ನ ರೆಪ್ಪೆ ಮುಚ್ಚಿಲ್ಲ. ಊಟದ ಮೇಲೆ ಊರೆಲ್ಲ ತಣ್ಣಗಾದಾಗ ನಾನೊಬ್ಬಳು ಅಕ್ಕಿ ಆರಿಸುತ್ತ ಕೂತಿರುತ್ತಿದ್ದೆ. ಎದುರು ಕಚೇರಿಯಲ್ಲಿ ಗುಮಾಸ್ತರು ಮರಿಸ್ವಾಮಿಯವರು ಕೂತಿರುತ್ತಿದ್ದರು.

ಮರಿಸ್ವಾಮಿಯವರಿಗೆ ಐವತ್ತರ ಮೇಲೆ ಒಂದೋ ಎರಡೋ. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ ಕನ್ನಡಕ ಒರೆಸಿಕೊಳ್ಳುತ್ತಾರೆ. ಹನ್ನೊಂದು ವರ್ಷದಿಂದ ಮಧ್ಯಾಹ್ನದ ಊಟ ನಮ್ಮಲ್ಲೇ. ಹನ್ನೆರಡೂವರೆಗೆ ಬಂದು ಬಾಗಿಲ ಪಕ್ಕದ ಮಣೆಯ ಮೇಲೆ ಕೂರುತ್ತಾರೆ. ಸಾರಿಗೆ ಉಪ್ಪು ಹಾಕುವುದನ್ನು ಮರೆತರೂ ತುಟಿ ಪಿಟಕ್ಕೆನ್ನುವುದಿಲ್ಲ. ಒಂದು ದಿನ ಬೇಕೆಂದೇ ಮರೆತು ನೋಡಿದೆ. ಎರಡು ಸಲ ಬಡಿಸಿಕೊಂಡು ಉಂಡರು. ವರ್ಷಕ್ಕೊಂದು ಸಲ ಪುಸ್ತಕ ತಿದ್ದುವ ಕಾಲಕ್ಕೆ ಹೊಸ್ತಿಲಾಚೆ ನಿಂತು, "ತಾಯಮ್ನೋರೇ, ನಿಮ್ಮ ಸಾಲು ಬದಲಾಯ್ಸೋದಾ?" ಎಂದು ಕೇಳುತ್ತಿದ್ದರು. "ಇರ್ಲಿ ಬಿಡಿ" ಎನ್ನುತ್ತಿದ್ದೆ. "ಇರ್ಲಿ" ಎಂದು ಹೋಗುತ್ತಿದ್ದರು. ನಮ್ಮಿಬ್ಬರ ಮಧ್ಯೆ ಇದ್ದದ್ದು ಇಷ್ಟೇ ಎಂದು ನಾನು ಚೌಡಮ್ಮನಿಗೆ ನೂರು ಸಲ ಹೇಳಿದ್ದೇನೆ. ಚೌಡಮ್ಮ ಕಚೇರಿಯ ಕಸ ಗುಡಿಸುವವಳು. "ನಾನೇನಾದ್ರೂ ಅಂದ್ನಾ?" ಎನ್ನುತ್ತಾಳೆ.

ಮೂರು ತಿಂಗಳ ಹಿಂದೆ ಕಚೇರಿಗೆ ಕಂಪ್ಯೂಟರು ಬಂತು. ಅರಿಶಿನ ಕುಂಕುಮ ಹಚ್ಚಿ ಇಳಿಸಿಕೊಂಡೆವು. ಕೂರಿಸಲು ಬಂದ ಹುಡುಗ ಹೊರಗಿನವನು, ನಮ್ಮ ಊರಿನ ವಿಚಾರ ಏನೂ ಗೊತ್ತಿಲ್ಲದವನು. "ನೋಡಿ ಸಾರ್, ಇದನ್ನ ಕಾಲು ಗಂಟೆ ಮುಟ್ಟದೆ ಬಿಟ್ರೆ ಮಲಗಿಬಿಡುತ್ತೆ. ಯಾವುದು ಎಬ್ಬಿಸಬಹುದು ಅಂತ ಇದಕ್ಕೆ ಮೊದಲೇ ಹೇಳಿಡಬೇಕು" ಎಂದ. ನೆರೆದವರೆಲ್ಲ ಅದರಲ್ಲೇನು ಹೊಸದು ಎಂಬಂತೆ ತಲೆಯಾಡಿಸಿದರು. ಮರ್ಯಾದಸ್ಥ ಯಂತ್ರ ಎಂದು ಹಾಲಪ್ಪನವರು ಮೆಚ್ಚಿಕೊಂಡರು. ಹುಡುಗ ಮೌಸಿಗೆ ಬೇಡ ಎಂದ, ಸುಮ್ಮನೆ ಟೇಬಲ್ಲು ಅಲುಗಾಡಿದರೂ ಎದ್ದುಬಿಡುತ್ತದಂತೆ. ಆಮೇಲೆ ಯುಎಸ್‌ಬಿ ಕೀಬೋರ್ಡಿನ ವೈರನ್ನು ಹಿಂದೆ ಸಿಕ್ಕಿಸಿ, ಪರದೆಯ ಮೇಲೆ ಎಲ್ಲೆಲ್ಲೋ ಹೋಗಿ, "ಈ ಕೀಬೋರ್ಡು ಇದನ್ನ ಎಬ್ಬಿಸಬಹುದು, ಟಿಕ್ ಹಾಕ್ಲಾ?" ಎಂದು ಕೇಳಿದ. ಮರಿಸ್ವಾಮಿಯವರು ಎದ್ದು ನಿಂತು "ಹಾಕಿ" ಎಂದರು. ನಾನು ಕೋಸಂಬರಿ ಹಂಚುತ್ತ ಪಕ್ಕದಲ್ಲೇ ಇದ್ದೆ.

ಆ ಮೇಲೆ ಮರಿಸ್ವಾಮಿಯವರು ಒಂದೊಂದೇ ಬೆರಳಿನಲ್ಲಿ ಕುಟ್ಟಿ ಇಡೀ ಪುಸ್ತಕವನ್ನು ಅದರೊಳಗೆ ಸೇರಿಸತೊಡಗಿದರು. ಹಳೆಯ ಪುಸ್ತಕವನ್ನು ಮೊಹರು ಮಾಡಿ ಜಿಲ್ಲಾ ಕಚೇರಿಗೆ ಕಳಿಸಿಯೂ ಆಯಿತು. ನನ್ನ ಸಾಲು ಬಂದಾಗ ಬಾಗಿಲಿಗೆ ಬಂದು "ಹಾಗೇ ಹಾಕ್ಲಾ?" ಎಂದರು. "ಹಾಗೇ ಹಾಕಿ" ಎಂದೆ. ಅದೇ ದಿನಗಳಲ್ಲಿ ಅವರ ಅಕ್ಕ ಸಾಕಮ್ಮನವರು ಮಗಳ ಬಾಣಂತನಕ್ಕೆಂದು ದೂರದ ಊರಿಗೆ ಹೊರಟರು. ತಮ್ಮನನ್ನು ಇಪ್ಪತ್ತೈದು ವರ್ಷ ಎಬ್ಬಿಸಿದವರು ಅವರೇ. ಇನ್ನು ತಿರುಗಿ ಬರುವುದು ಯಾವಾಗಲೋ ಎಂದು ಅಪ್ಪಣೆಯನ್ನು ವಾಪಸು ಕೊಟ್ಟು, "ಬೇರೆ ಯಾರ್ನಾದ್ರೂ ಬರ್ಕೊಳೋ ಮರಿ" ಎಂದು ಬಸ್ಸು ಹತ್ತಿದರು. ಅವರು ಯಾರನ್ನು ಬರೆದುಕೊಂಡರು ಎಂದು ಊರಿಗೆಲ್ಲ ಕುತೂಹಲ. ಹೊಲಿಗೆ ಅಂಗಡಿ ನಡೆಸುವವಳು ಜಯಶೀಲ ಇರಬಹುದು ಎಂದು ಕೆಲವರು. ನನಗೇನು, ಯಾರಾದರೂ ಇರಲಿ ಎಂದುಕೊಂಡೆ. ಆದರೆ ಆ ವಾರ ಜಯಶೀಲ ಹೊಲಿದುಕೊಟ್ಟ ರವಿಕೆಯಲ್ಲಿ ಇಲ್ಲದ ತಪ್ಪು ಹುಡುಕಿ ವಾಪಸು ಕೊಟ್ಟದ್ದು ನಿಜ.

ಹೀಗಿರುವಾಗ ಜಿಲ್ಲೆಯಿಂದ ಕಾಗದ ಬಂತು. ಗುರುವಾರ ನಾಲ್ಕು ಗಂಟೆ ಬಸ್ಸಿಗೆ ತಪಾಸಣೆ ಅಧಿಕಾರಿಗಳು ಬರುತ್ತಾರೆ. ಗುಮಾಸ್ತರು ಕುರ್ಚಿಯಲ್ಲಿರಬೇಕು, ಪಟ್ಟಿ ಪರದೆಯ ಮೇಲಿರಬೇಕು. ಇಲ್ಲದಿದ್ದರೆ ಕಚೇರಿಯನ್ನು ಮುಚ್ಚಿ, ಗುಮಾಸ್ತರನ್ನು ಬೇರೆ ಕಡೆಗೆ ವರ್ಗ ಮಾಡಲಾಗುವುದು. ಮರಿಸ್ವಾಮಿಯವರು ಆ ಕಾಗದವನ್ನು ನನ್ನ ಮುಂದೆ ಹಿಡಿದು ಎರಡು ಸಲ ಓದಿದರು. "ಎಲ್ಲಿಗೆ ಹಾಕ್ತಾರಂತೆ?" ಎಂದೆ. "ಬಸ್ಸಲ್ಲಿ ಒಂದೂವರೆ ದಿನದ ದಾರಿ ಆಗುತ್ತಂತೆ" ಎಂದರು. ಅಂದು ಅವರು ಮಜ್ಜಿಗೆಯನ್ನೂ ಹಾಕಿಸಿಕೊಳ್ಳದೆ ಎದ್ದರು. ಆಮೇಲೆ ನಾಲ್ಕು ರಾತ್ರಿ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ ಎಂದು ಚೌಡಮ್ಮ ಹೇಳಿದಳು. ನಾನೂ ಮಾಡಲಿಲ್ಲ, ಅದನ್ನು ಅವಳಿಗೆ ಹೇಳಲಿಲ್ಲ.

ಗುರುವಾರ ಬೆಳಿಗ್ಗೆ ಬಸ್ಸಿನಲ್ಲಿ ಒಂದು ಪಾರ್ಸೆಲ್ಲು ಬಂತು. ಜಿಲ್ಲಾ ಕಚೇರಿಯವರು ಕಳಿಸಿದ ಹೊಸ ಕೀಬೋರ್ಡು, ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ತಪಾಸಣೆಯ ಹೊತ್ತಿಗೆ ಇದನ್ನೇ ಬಳಸತಕ್ಕದ್ದು ಎಂದು ಚೀಟಿ ಬೇರೆ. ಮರಿಸ್ವಾಮಿಯವರು ಹಳೆಯದನ್ನು ಕಿತ್ತು ಹೊಸದನ್ನು ಸಿಕ್ಕಿಸಿದರು. ಹಳೆಯದನ್ನು ಎಸೆಯಲು ಮನಸ್ಸು ಬಾರದೆ ಕೈಯಲ್ಲಿ ಹಿಡಿದು ನಿಂತಿದ್ದರು. "ಇತ್ಲಾಗ್ ಕೊಡಿ, ಮಾಳಿಗೆ ಮೇಲೆ ಸಂಡಿಗೆ ಹಾಕಿದೀನಿ, ಸೀರೆ ಅಂಚಿಗೆ ಭಾರ ಬೇಕು" ಎಂದು ಇಸಿದುಕೊಂಡೆ. ಅಂದು ಗಾಳಿ ಜೋರಾಗಿತ್ತು, ಕಲ್ಲು ಸಾಲುತ್ತಿರಲಿಲ್ಲ.

ಅಂದಿನ ಊಟಕ್ಕೆ ನಾನು ಗಸಗಸೆ ಪಾಯಸ ಮಾಡಿದೆ. ಶುಭ ಕೆಲಸವಿದೆ, ಬಾಯಿ ಸಿಹಿಯಾಗಲಿ ಎಂದು ಮಾಡಿದ್ದೇ ಹೊರತು ನನ್ನ ಮನಸ್ಸಿನಲ್ಲಿ ಇನ್ನೇನೂ ಇರಲಿಲ್ಲ. ನಾಲ್ಕು ರಾತ್ರಿ ನಿದ್ದೆಗೆಟ್ಟ ಮನುಷ್ಯನಿಗೆ ಗಸಗಸೆ ಪಾಯಸ ಕುಡಿಸಿದರೆ ಏನಾಗುತ್ತದೆ ಎಂದು ಎಂಟು ವರ್ಷದ ಹುಡುಗಿಗೂ ಗೊತ್ತು. ನನಗೆ ಹೊಳೆಯಲಿಲ್ಲ. ಅವರು ಎರಡು ಲೋಟ ಕುಡಿದರು. ಮೂರನೆಯದನ್ನು ನಾನೇ ಬಲವಂತ ಮಾಡಿ ಕೊಟ್ಟೆ.

ಎರಡೂವರೆಗೆ ಚೌಡಮ್ಮ ಬಂದು ಬಾಗಿಲಲ್ಲಿ ನಿಂತಳು. ಅವಳು ಓಡುವವಳಲ್ಲ, ಅಂದೂ ಓಡಿರಲಿಲ್ಲ. "ಗುಮಾಸ್ತರು ಮಲಗವ್ರೆ" ಎಂದಳು. ಮೊರ ಅಲ್ಲೇ ಬಿಟ್ಟು ಹೋದೆ. ಮರಿಸ್ವಾಮಿಯವರು ಕುರ್ಚಿಯಲ್ಲಿ ಕೂತಂತೆಯೇ ಗದ್ದವನ್ನು ಎದೆಗೊತ್ತಿ ಮಲಗಿದ್ದರು. ಒಂದು ಕೈ ಹೊಸ ಕೀಬೋರ್ಡಿನ ಮೇಲಿತ್ತು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು, ಜೇಬಿನಲ್ಲಿ ಎರಡು ಪೆನ್ನು. ಎದುರಿಗೆ ಕಂಪ್ಯೂಟರಿನ ಪರದೆಯೂ ಕಪ್ಪಗಾಗಿತ್ತು. ಕೆಳಗೆ ಒಂದು ಸಣ್ಣ ದೀಪ ಮಾತ್ರ ಉಸಿರಾಡಿದಂತೆ ಹತ್ತಿ ಆರುತ್ತಿತ್ತು.

 ಮಾಡಿದ್ದು ನಾನೇ. ನಾಲ್ಕಕ್ಕೆ ಅಧಿಕಾರಿ ಬಂದು ಇದನ್ನು ನೋಡಿದರೆ ಮನುಷ್ಯ ಒಂದೂವರೆ ದಿನದ ದಾರಿಯಾಚೆ ಹೋಗುತ್ತಾರೆ. ಹನ್ನೆರಡೂವರೆಗೆ ಬಾಗಿಲ ಪಕ್ಕದ ಮಣೆ ಖಾಲಿ ಇರುತ್ತದೆ. ಅದನ್ನು ನೆನೆದದ್ದೇ ನನಗೆ ಅಳು ಬಂತು, ಚೌಡಮ್ಮ ನೋಡದ ಹಾಗೆ ಸೆರಗಿನಿಂದ ಒರೆಸಿಕೊಂಡೆ. ಅವಳು ನೋಡಿದಳು.

ಅಷ್ಟರಲ್ಲಿ ಹಾಲಪ್ಪನವರು ಹಾರ ಹಿಡಿದುಕೊಂಡು ಬಂದರು. ವಿಷಯ ತಿಳಿದು ಹಾರವನ್ನು ಬೆಂಚಿನ ಮೇಲಿಟ್ಟು, "ಈಗ ಇವರ್ನ ಎಬ್ಸೋರು ಯಾರು?" ಎಂದರು.

"ಯಾರ್ನ ಬರ್ಕೊಂಡವ್ರೋ ಅವ್ರು" ಎಂದಳು ಚೌಡಮ್ಮ.

"ಯಾರ್ನ ಬರ್ಕೊಂಡವ್ರೆ?"

ಚೌಡಮ್ಮ ಕಂಪ್ಯೂಟರಿನ ಕಡೆ ಗದ್ದ ಆಡಿಸಿ ತೋರಿಸಿದಳು. "ಅದ್ರೊಳಗೈತೆ. ಅದೂ ಮಲಗೈತೆ."

"ಅದನ್ನ ಎಬ್ಸೋರು?"

"ಗುಮಾಸ್ತರು."

ಹಾಲಪ್ಪನವರು ಸ್ವಲ್ಪ ಹೊತ್ತು ಇಬ್ಬರನ್ನೂ ನೋಡಿದರು. ಮರಿಸ್ವಾಮಿಯವರನ್ನು ಯಾರೂ ಮುಟ್ಟುವ ಹಾಗಿರಲಿಲ್ಲ, ತಪ್ಪು ಕೈ ತಗುಲಿದರೆ ಶನಿವಾರದವರೆಗೂ ಹೋದ ಹಾಗೆ. ಕಂಪ್ಯೂಟರು ಯಂತ್ರ ತಾನೇ ಎಂದು ಹಾಲಪ್ಪನವರು ಧೈರ್ಯ ಮಾಡಿ, ಮರಿಸ್ವಾಮಿಯವರ ಕೈಗೆ ತಗುಲದ ಹಾಗೆ ಹೊಸ ಕೀಬೋರ್ಡನ್ನು ಮೆಲ್ಲಗೆ ಎಳೆದುಕೊಂಡು ಒಂದು ಗುಂಡಿ ಒತ್ತಿದರು. ಏನೂ ಆಗಲಿಲ್ಲ. ಇನ್ನೊಂದು ಒತ್ತಿದರು. ಮೌಸನ್ನು ಬೆಕ್ಕಿನ ಬೆನ್ನು ಸವರಿದ ಹಾಗೆ ಸವರಿದರು. ಆಮೇಲೆ ಪೆಟ್ಟಿಗೆಯ ಮೇಲಿನ ದೊಡ್ಡ ಗುಂಡಿಯ ಕಡೆ ಕೈ ಚಾಚಿದರು. ಚೌಡಮ್ಮ ಪೊರಕೆ ಅಡ್ಡ ಹಿಡಿದಳು. ಆ ಗುಂಡಿಯ ಪಕ್ಕದಲ್ಲಿ ಮರಿಸ್ವಾಮಿಯವರು ತಮ್ಮ ಮುದ್ದಾದ ಅಕ್ಷರದಲ್ಲಿ ಬರೆದು ಅಂಟಿಸಿದ್ದರು. "ಮಲಗಿರುವಾಗ ಇದನ್ನು ಒತ್ತಬೇಡಿ. ಹೊಸದಾಗಿ ಶುರುವಾದರೆ ಪಾಸ್‌ವರ್ಡ್ ಕೇಳುತ್ತದೆ. ತಾನಾಗಿ ಎದ್ದರೆ ಬಿಟ್ಟ ಜಾಗವನ್ನೇ ತೋರಿಸುತ್ತದೆ." ಪಾಸ್‌ವರ್ಡ್ ಗೊತ್ತಿದ್ದವರು ಒಬ್ಬರೇ, ಅವರು ಗೊರಕೆ ಹೊಡೆಯುತ್ತಿದ್ದರು.

ಹಾಲಪ್ಪನವರು ಇದ್ದಕ್ಕಿದ್ದಂತೆ ಕೈಯನ್ನು ಜುಬ್ಬಾಕ್ಕೆ ಒರೆಸಿಕೊಂಡರು. "ಅಲ್ಲ, ಇದೂ ನಮ್ಮೂರ್ದೇ ಅಲ್ವಾ? ಅಪ್ಪಣೆ ಇಲ್ದೆ ಮುಟ್ಟಿದ್ರೆ ಇದಕ್ಕೂ ದಿನ ಹೆಚ್ಚುತ್ತಾ?"

"ಎಷ್ಟು ಸಲ ಒತ್ತಿದ್ರಿ?" ಎಂದಳು ಚೌಡಮ್ಮ.

"ಒಂದ್ ಹನ್ನೆರಡು ಸಲ ಇರ್ಬೋದು."

"ಹಾಗಾದ್ರೆ ಅಮಾಸೆಗೆ ಏಳುತ್ತೆ ಬಿಡಿ."

ಹಾಲಪ್ಪನವರು ಬೆಂಚಿನ ಮೇಲೆ ಕುಸಿದರು, ಹಾರದ ಮೇಲೆಯೇ ಕೂತರು. ಗೋಡೆ ಗಡಿಯಾರದಲ್ಲಿ ಮೂರೂ ಹತ್ತಾಗಿತ್ತು. ಜಯಶೀಲಳನ್ನು ಕರೆಸಿ ಒಂದು ಸಲ ಮುಟ್ಟಿಸಿ ನೋಡೋಣವೇ ಎಂದು ಅವರು ಕೇಳಿದರು. "ಅವಳ್ಯಾಕೆ?" ಎಂದು ನಾನು ಕೇಳಿದ್ದು ಬೇಕಾದದ್ದಕ್ಕಿಂತ ಗಟ್ಟಿಯಾಗಿ ಬಂತು.

ನಾನು ಆ ಹೊಸ ಕೀಬೋರ್ಡನ್ನೇ ನೋಡುತ್ತ ನಿಂತೆ. ಹಳೆಯದರ ಜಾಗದಲ್ಲಿ, ಅದೇ ಟೇಬಲ್ಲಿನ ಮೇಲೆ, ಅದೇ ಕುರ್ಚಿಯ ಮುಂದೆ ಬಹಳ ಧಿಮಾಕಿನಿಂದ ಕೂತಿತ್ತು. ಅದನ್ನು ನೋಡಿ ನನಗೆ ನನ್ನ ತಂಗಿಯ ನೆನಪಾಯಿತು. ಕೆಂಪಯ್ಯನವರ ಕುರ್ಚಿಯಲ್ಲಿ ಕಾಲು ಚಾಚಿ ಕೂತು, ನಾನೇ ಎಬ್ಬಿಸ್ತೀನಿ ಎಂದವಳು. ಆ ಹುಡುಗ ಟಿಕ್ ಹಾಕಿದ್ದು ಈ ಜಾಗಕ್ಕಲ್ಲ, ಬಂದುಹೋಗುವ ಯಾವುದೋ ಕೀಬೋರ್ಡಿಗಲ್ಲ. "ಈ ಕೀಬೋರ್ಡು" ಎಂದು ಕೈಯಿಟ್ಟು ತೋರಿಸಿ ಟಿಕ್ ಹಾಕಿದ್ದ. ಅಪ್ಪಣೆ ಈಗಲೂ ಅದರದ್ದೇ. ಅದು ಮನೆ ಬಿಟ್ಟು ಹೋಗಿದ್ದರೂ ಅದರದ್ದೇ. ಇದನ್ನು ಒಂಬತ್ತು ವರ್ಷದಿಂದ ಬಲ್ಲವಳು ಊರಿನಲ್ಲಿ ನನಗಿಂತ ಬೇರೆ ಯಾರಿದ್ದಾರೆ?

ಸೀರೆಯನ್ನು ಎತ್ತಿ ಕಟ್ಟಿಕೊಂಡು ಓಡಿದೆ. ಮಾಳಿಗೆಯ ಏಣಿ ಹತ್ತಿದೆ. ಕೀಬೋರ್ಡು ಬಿಸಿಲಿಗೆ ಕಾದು ಕೆಂಡವಾಗಿತ್ತು, ಮೇಲೆ ನಾಲ್ಕಾರು ಸಂಡಿಗೆ ಅಂಟಿಕೊಂಡಿದ್ದವು. ಅದನ್ನು ಎತ್ತಿದೆನೋ ಇಲ್ಲವೋ, ಗಾಳಿ ಸೀರೆಯ ಅಂಚನ್ನು ಹಿಡಿದು ಮಗುಚಿತು. ಮೂರು ಸೇರು ಅಕ್ಕಿಯ ಸಂಡಿಗೆ ಪಕ್ಕದ ಮನೆಯ ಹಂಚಿನ ಮೇಲೆ, ಬೀದಿಯಲ್ಲಿ, ಎಮ್ಮೆಯ ಬೆನ್ನಿನ ಮೇಲೆಲ್ಲ ಹರಡಿತು. ಬೇರೆ ದಿನವಾಗಿದ್ದರೆ ನಾನು ಎದೆ ಬಡಿದುಕೊಂಡು ಊರು ಒಂದು ಮಾಡುತ್ತಿದ್ದೆ. ಅಂದು ತಿರುಗಿಯೂ ನೋಡಲಿಲ್ಲ.

ಕಚೇರಿಗೆ ಬಂದು ಹೊಸದರ ವೈರನ್ನು ಎಳೆದು ಹಾಕಿದೆ. ಹಳೆಯದನ್ನು ಸಿಕ್ಕಿಸಲು ಹೋದರೆ ಹೋಗಲಿಲ್ಲ. ತಿರುಗಿಸಿ ಸಿಕ್ಕಿಸಿದೆ, ಹೋಗಲಿಲ್ಲ. ಮತ್ತೆ ಮೊದಲಿನ ಹಾಗೇ ಹಿಡಿದಾಗ ಹೋಯಿತು, ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲಕ್ಕಿಂತ ಉದ್ದವಾದ ಗುಂಡಿಯನ್ನು ಸಂಡಿಗೆ ಸಮೇತ ಒತ್ತಿದೆ. ಪೆಟ್ಟಿಗೆಯೊಳಗೆ ಏನೋ ಗುಂಯ್ ಎಂದು ತಿರುಗಿತು. ಪರದೆ ಒಮ್ಮೆ ಮಿಟುಕಿ ಬೆಳಗಿತು. ಹಾಲಪ್ಪನವರು ಎದ್ದು ಕೈಮುಗಿದರು, ಅವರ ಪಂಚೆಗೆ ಹಾರ ಅಂಟಿಕೊಂಡಿತ್ತು.

ಪಟ್ಟಿ ಬಿಟ್ಟ ಜಾಗದಲ್ಲೇ ಇತ್ತು. ಬಿಟ್ಟ ಜಾಗ ಮರಿಸ್ವಾಮಿಯವರ ಸಾಲೇ ಆಗಿತ್ತು. ನಿದ್ದೆ ಬರುವ ಮುಂಚೆ ಅವರು ಅದನ್ನೇ ನೋಡುತ್ತ ಕೂತಿದ್ದರೆಂದು ಕಾಣುತ್ತದೆ. ಓದಲು ನನಗೆ ಭಯವಾಯಿತು. ಬೇರೆ ಯಾರದಾದರೂ ಹೆಸರಿದ್ದರೆ ಕರೆದುಕೊಂಡು ಬರುವುದು ನನ್ನ ಕೆಲಸ, ಕರೆತರುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ. ಹಾಲಪ್ಪನವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು. "ಮಲಗುವವರು, ಮರಿಸ್ವಾಮಿ. ಎಬ್ಬಿಸುವವರು, ತಾಯಮ್ಮ, ಊಟದ ಮನೆ. ಷರಾ, ಇನ್ನೂ ಕೇಳಿಲ್ಲ. ಕೇಳಬೇಕು." ಓದಿ ಮುಗಿಸಿ ಗೋಡೆಯ ಕಡೆ ತಿರುಗಿ ಗಡಿಯಾರ ನೋಡುತ್ತ ನಿಂತರು. ಚೌಡಮ್ಮ ಮಾತ್ರ ನನ್ನನ್ನೇ ನೋಡಿ, "ನಾನೇನಾದ್ರೂ ಅಂದ್ನಾ?" ಎಂದಳು.

ಸಾಲಿನ ಪಕ್ಕದಲ್ಲಿ ಕಂಪ್ಯೂಟರು ತಾನಾಗಿ ಹಾಕಿಕೊಂಡಿದ್ದ ತಾರೀಖು ಎರಡು ತಿಂಗಳ ಹಿಂದಿನದು, ಸಾಕಮ್ಮನವರು ಬಸ್ಸು ಹತ್ತಿದ ಮಾರನೆಯ ದಿನದ್ದು. ಎರಡು ತಿಂಗಳು ಈ ಮನುಷ್ಯ ದಿನವೂ ನನ್ನೆದುರು ಕೂತು ಸಾರು ಅನ್ನ ಉಂಡು, ಕೈ ತೊಳೆದು, ಏನೂ ಕೇಳದೆ ಎದ್ದು ಹೋಗಿದ್ದರು. ನನಗೆ ಸಿಟ್ಟು ಬಂತು. ಸಂತೋಷವೂ ಆಯಿತು, ಅದನ್ನು ಮುಚ್ಚಿಡುವುದೇಕೆ. ಆದರೆ ಕೇಳದೆ ಬರೆದ ಅಪ್ಪಣೆ ನಡೆಯುತ್ತದೆಯೇ ಎಂದು ಯಾರಿಗೂ ಗೊತ್ತಿರಲಿಲ್ಲ. ನಡೆಯದಿದ್ದರೆ ನನ್ನ ಕೈ ತಪ್ಪು ಕೈ. ನಡೆದರೆ, ಹಾಲಪ್ಪನವರ ಎದುರಿಗೆ ನಾನು ಒಪ್ಪಿಕೊಂಡ ಹಾಗೆ. ಅವರ ಎದುರಿಗೆ ಎಂದರೆ ಸಂಜೆಯೊಳಗೆ ಇಡೀ ಊರಿನ ಎದುರಿಗೆ. ಮೂರೂ ಮುಕ್ಕಾಲಾಗಿತ್ತು. ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡು ಅವರ ಭುಜದ ಮೇಲಿಟ್ಟೆ.

"ಏಳ್ರೀ. ಅನ್ನ ಆರ್ತಾ ಇದೆ" ಎಂದೆ. ಹನ್ನೊಂದು ವರ್ಷದಿಂದ ಬಾಗಿಲಲ್ಲಿ ನಿಂತು ಕೂಗುತ್ತಿದ್ದ ಮಾತು, ಬೇರೆ ಯಾವುದೂ ಬಾಯಿಗೆ ಬರಲಿಲ್ಲ.

ಅವರು ಕಣ್ಣು ಬಿಟ್ಟರು. ಮೊದಲು ನನ್ನ ಮುಖ ನೋಡಿದರು, ಆಮೇಲೆ ಭುಜದ ಮೇಲಿನ ಕೈ, ಆಮೇಲೆ ಪರದೆ. ಮುಖ ಕಿವಿಯವರೆಗೂ ಕೆಂಪಾಯಿತು. ಕನ್ನಡಕ ತೆಗೆದು ಒರೆಸತೊಡಗಿದರು.

"ಕೇಳೋಣ ಅಂತಿದ್ದೆ" ಎಂದರು.

"ಎರಡು ತಿಂಗಳಿಂದಾನಾ?"

"ದಿನಾ ಎಲೆ ಅಡಿಕೆ ಜೇಬಲ್ಲಿ ಇಟ್ಕೊಂಡೇ ಬರ್ತಿದ್ದೆ. ಬಾಡಿ ಹೋಗೋದು."

ಹೊರಗೆ ಬಸ್ಸಿನ ಹಾರನ್ನು ಕೇಳಿತು. ಮಿಕ್ಕ ಮಾತಿಗೆ ಹೊತ್ತಿರಲಿಲ್ಲ.

ಅಧಿಕಾರಿಗಳು ಸಣಕಲು ಮನುಷ್ಯ, ದೊಡ್ಡ ಚೀಲ. ಹಾಲಪ್ಪನವರು ಜಜ್ಜಿಹೋದ ಹಾರವನ್ನೇ ಹಾಕಿದರು. ಅಧಿಕಾರಿಗಳು ಕುರ್ಚಿ ನೋಡಿದರು, ಗುಮಾಸ್ತರನ್ನು ನೋಡಿದರು, ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದರು. ಕೀಬೋರ್ಡಿನ ಮೇಲಿನ ಸಂಡಿಗೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಹೊಸ ಕೀಬೋರ್ಡು ಎಲ್ಲಿ ಎಂದು ಮಾತ್ರ ಕೇಳಲಿಲ್ಲ. "ಎಲ್ಲ ಅಚ್ಚುಕಟ್ಟಾಗಿದೆ. ಆದ್ರೆ ಯಾರು ಯಾರ್ನ ಎಬ್ಬಿಸ್ತಾರೆ ಅಂತ ಬರೆಯೋಕೆ ಒಂದು ಕಚೇರಿ ಬೇಕೇನ್ರೀ? ನಾನು ಮುಚ್ಚೋದು ಅಂತ ಬರ್ಕೊಂಡೇ ಬಂದಿದೀನಿ" ಎಂದರು. ಮರಿಸ್ವಾಮಿಯವರು ತಲೆ ತಗ್ಗಿಸಿದರು.

ನಾನು ಮನೆಗೆ ಹೋಗಿ ಉಳಿದಿದ್ದ ಗಸಗಸೆ ಪಾಯಸ ಬಿಸಿ ಮಾಡಿ ತಂದೆ. ಬಂದವರಿಗೆ ಬಾಯಿ ಸಿಹಿ ಮಾಡದೆ ಕಳಿಸುವುದು ಹೇಗೆ? ಅಧಿಕಾರಿಗಳು ಒಂದು ಲೋಟ ಕುಡಿದು, ಚೆನ್ನಾಗಿದೆ ಎಂದು ಇನ್ನೊಂದು ಕುಡಿದರು. ಬೆಂಚಿಗೆ ಒರಗಿದರು. ಆಕಳಿಸಿದರು. ಮರಿಸ್ವಾಮಿಯವರಿಗೆ ಗೊತ್ತಾಯಿತು, ನನ್ನನ್ನು ಒಂದು ಸಲ ನೋಡಿದರು. ಆದರೂ ಅವರು ಗುಮಾಸ್ತರು, ನಿಯಮ ಬಿಡುವವರಲ್ಲ. "ಸಾರ್, ಮಲಗೋ ಮುಂಚೆ ಹೇಳಿಬಿಡಿ. ನಿಮ್ಮನ್ನ ಎಬ್ಬಿಸೋರು ಅಂತ ಯಾರ ಹೆಸರು ಬರೀಲಿ?" ಎಂದು ಕೀಬೋರ್ಡಿನ ಮೇಲೆ ಬೆರಳಿಟ್ಟರು.

ಅಧಿಕಾರಿಗಳು ನಕ್ಕರು. "ನಾನ್ಯಾಕ್ರೀ ಮಲಗ್ಲಿ? ನಮ್ಮನೇಲಿ ಎಬ್ಬಿಸೋದು ಫೋನು." ಆಮೇಲೆ ಚೀಲವನ್ನು ಪಕ್ಕಕ್ಕಿಟ್ಟರು. "ಹೆಂಡ್ತಿ ನಾನೇಳೋ ಹೊತ್ತಿಗೆ ಕೆಲಸಕ್ಕೆ ಹೋಗಿರ್ತಾಳೆ. ಮಗಳು ಹಾಸ್ಟ್ಲು. ಹಾಗೆ ನೋಡಿದ್ರೆ ನನ್ನನ್ನ..." ಎಂದು ಯೋಚಿಸುತ್ತ ಕಣ್ಣು ಮುಚ್ಚಿದರು. ಹೆಸರು ಬರಲಿಲ್ಲ. ಐದೂವರೆ ಬಸ್ಸು ಬಂದು ಹಾರನ್ನು ಹಾಕಿ ಹೋಯಿತು. ಚೌಡಮ್ಮ ಒಂದು ಕಂಬಳಿ ತಂದು ಹೊದಿಸಿದಳು.

ಮಾರನೆಯ ಬೆಳಿಗ್ಗೆ ಸೂರ್ಯ ಹುಟ್ಟಿದಾಗ ಅವರು ತಾವಾಗಿ ಎದ್ದರು. ಬೆಂಚಿನ ಮೇಲೆ ಕೂತು, ಹೊದಿಸಿದ್ದ ಕಂಬಳಿಯನ್ನು ಮಡಚಿಟ್ಟರು. ನಾನು ಕೊಟ್ಟ ಕಾಫಿ ಕುಡಿದರು. ಚೀಲದಿಂದ ಕಾಗದ ತೆಗೆದು ಹರಿದರು, ಇನ್ನೊಂದು ಬರೆದು ಸಹಿ ಹಾಕಿ ಮರಿಸ್ವಾಮಿಯವರ ಕೈಗಿತ್ತರು. ಕಚೇರಿ ಮುಂದುವರಿಯತಕ್ಕದ್ದು ಎಂದಿತ್ತು. ಬಸ್ಸಿಗೆ ಹೊರಟವರು ಬಾಗಿಲವರೆಗೂ ಹೋಗಿ ತಿರುಗಿ ಬಂದು, "ಗುಮಾಸ್ತರೇ, ನಂದೂ ಒಂದು ಸಾಲು ಬರ್ಕೊಳ್ಳಿ. ಎಬ್ಬಿಸೋರು ಅಂತ ನನ್ನ ಮಗಳ ಹೆಸರು ಹಾಕಿ. ಷರಾದಲ್ಲಿ ಇನ್ನೂ ಕೇಳಿಲ್ಲ ಅಂತ ಹಾಕ್ಬೋದು ಅಲ್ವಾ?" ಎಂದರು.

"ಹಾಕ್ಬೋದು ಸಾರ್" ಎಂದರು ಮರಿಸ್ವಾಮಿಯವರು.

ಅಂದು ಹನ್ನೆರಡೂವರೆಗೆ ಅವರು ಊಟಕ್ಕೆ ಬಂದಾಗ ಜೇಬಿನಲ್ಲಿ ಬಾಡದ ಎಲೆ ಇತ್ತು. ಕೊಟ್ಟು, ಕೇಳಬೇಕಾದ್ದನ್ನು ಕೇಳಿದರು. ಎಬ್ಬಿಸಿ ಆದ ಮೇಲೆ ಕೇಳುತ್ತೀರಲ್ಲ ಎಂದು ನಾನು ಬಯ್ದು, ಎಲೆ ಇಸಿದುಕೊಂಡೆ. ಪಾತ್ರೆ ತೊಳೆದು ಮುಗಿಸಿ ಕಚೇರಿಗೆ ಹೋದೆ. ಹೊಸ ಕೀಬೋರ್ಡು ಕಪಾಟಿನ ಮೇಲೆ ಹೋಗಿತ್ತು, ಹಳೆಯದು ಅದರ ಜಾಗದಲ್ಲಿತ್ತು. "ನನ್ನ ಸಾಲು ತೆಗೀರಿ" ಎಂದೆ. ತೆಗೆದರು. ಕೆಂಪಯ್ಯನವರ ಹೆಸರಿತ್ತು. ಅವರ ಬೆರಳು ಗುಂಡಿಯ ಮೇಲೆ ನಿಂತಿತು.

"ಅದನ್ನ ಅಳಿಸ್ಬೇಡಿ. ಕೆಳಗೆ ಇನ್ನೊಂದು ಹೆಸರು ಹಾಕಿ."

"ಯಾರದು ಹಾಕ್ಲಿ?" ಎಂದರು. ಇಂಥ ಪ್ರಶ್ನೆಗೆ ಏನು ಹೇಳುವುದು ಹೇಳಿ. ನಾನು ನೋಡಿದ ನೋಟಕ್ಕೆ ಅವರೇ ಒಂದೊಂದು ಬೆರಳಿನಲ್ಲಿ ಕುಟ್ಟಿದರು.

ಬೆಂಚಿನ ಮೇಲೆ ಸೆರಗು ಸುತ್ತಿ ತಲೆಗಿಟ್ಟುಕೊಂಡೆ. "ನಾಲ್ಕಕ್ಕೆ ಎಬ್ಬಿಸಿ. ಹಾಲಿನೋನು ಬರ್ತಾನೆ, ಒಲೆಗಿಡಬೇಕು" ಎಂದೆ. ಸ್ವಲ್ಪ ಹೊತ್ತು ಕೀಬೋರ್ಡಿನ ಟಕ್ ಟಕ್ ಕೇಳುತ್ತಿತ್ತು. ಆಮೇಲೆ ಏನೂ ಗೊತ್ತಿಲ್ಲ.

ಭುಜಕ್ಕೆ ಕೈ ತಗುಲಿತು. ಕಣ್ಣು ಬಿಟ್ಟೆ. ಬಾಗಿಲಿನ ಬಿಸಿಲು ಗೋಡೆ ಹತ್ತಿ ಹೋಗಿತ್ತು, ಗಡಿಯಾರದಲ್ಲಿ ಐದೂಕಾಲು. ಎದ್ದು ಕೂತು, ನಾಲ್ಕಕ್ಕೆ ಎಂದರೆ ನಾಲ್ಕಕ್ಕೇ ಎಬ್ಬಿಸಬೇಕು, ಇದೆಂಥ ಗುಮಾಸ್ತಿಕೆ, ಹಾಲು ಏನಾಯಿತೋ ಎಂದು ರೇಗಿದೆ.

"ಹಾಲು ನಾನೇ ಕಾಸಿಟ್ಟಿದೀನಿ. ಸ್ವಲ್ಪ ಉಕ್ಕಿಹೋಯ್ತು" ಎಂದರು ಮರಿಸ್ವಾಮಿಯವರು, ಕನ್ನಡಕ ಒರೆಸುತ್ತ. "ನಾಲ್ಕಕ್ಕೆ ಬಂದು ನಿಂತ್ಕೊಂಡೆ. ಒಂಬತ್ತು ವರ್ಷ ಮಲಗಿಲ್ಲ ನೀವು. ಇನ್ನೊಂದು ಗಂಟೆ ಮಲಗ್ಲಿ ಅಂತ ಅನ್ನಿಸ್ತು."